ಹತ್ತು ಬಸ್ಕಿ

ಕರಡಿಯ ಕಣ್ಣಿರೋದು ಅದರ ಬಾಯಲ್ಲಿ. ಟಿಕೆಟ್ ತಗೊಂಡು ಒಳಗೆ ಬರೋ ಜನಕ್ಕೆ ಇದು ಗೊತ್ತಿಲ್ಲ. ಮೇಲೆ ಹೊಳೀತಿರೋ ಎರಡು ಗಾಜಿನ ಗುಂಡನ್ನ ನೋಡಿ ಅದೇ ಕಣ್ಣು ಅಂದ್ಕೋತಾರೆ. ಅದಕ್ಕೇ ಕೈ ಬೀಸ್ತಾರೆ, ಅದಕ್ಕೇ ಮುತ್ತು ಕೊಡ್ತಾರೆ. ಒಳಗಿರೋ ಮನುಷ್ಯರ ಕಣ್ಣು ಅದಕ್ಕಿಂತ ಒಂದು ಗೇಣು ಕೆಳಗಿರ್ತದೆ, ಕರಡಿ ಬಾಯಿ ಅಗಲಿಸಿರೋ ಕಡೆ, ಕಪ್ಪು ನೆಟ್ ಬಟ್ಟೆ ಹಿಂದೆ. ನೀವೂ ಹೋಗಿರ್ತೀರಿ. ಮಕ್ಕಳನ್ನ ಪಕ್ಕದಲ್ಲಿ ನಿಲ್ಲಿಸಿ ಫೋಟೋನೂ ತೆಗೆದಿರ್ತೀರಿ. ಒಳಗಿರೋರು ನಿಮ್ಮನ್ನ ಎಲ್ಲಿಂದ ನೋಡ್ತಿದ್ರು ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ರಾ? ಇಲ್ಲ. ಇರಲಿ, ಈಗ ಗೊತ್ತಾಯ್ತಲ್ಲ.

ಕಲ್ಯಾಣಿ ಹದಿನಾಲ್ಕು ತಿಂಗಳಿಂದ ಆ ಕರಡಿ. ಪಾರ್ಕಿನ ಹೆಸರು ಕಥೆವನ. ಅಂಜನಾಪುರ ದಾಟಿ ಸ್ವಲ್ಪ ಮುಂದಿದೆ. ಒಳಗೆ ನೀರಿನಾಟ, ತೊಟ್ಟಿಲು, ಎರಡು ದಿನ ಉಳ್ಕೊಳ್ಳೋಕೆ ರೂಮು, ಆಮೇಲೆ ಪಾರ್ಕಿನವರೇ ಅಚ್ಚು ಹಾಕಿಸಿದ ಕಥೆ ಪುಸ್ತಕದ ಪಾತ್ರಗಳು. ಜಂಬಣ್ಣ ಅನ್ನೋ ಕರಡಿ, ಚತುರಕ್ಕ ಅನ್ನೋ ನರಿ. ಕಲ್ಯಾಣಿ ಅಲ್ಲೇ ಪಕ್ಕದ ಹಳೇ ಊರಿನ ಕಾಲೋನಿಯವಳು. ಬಿ.ಕಾಂ. ಮುಗಿಸಿ ಟಿಕೆಟ್ ಕೌಂಟರ್ ಕೆಲಸಕ್ಕೆ ಅಂತ ಅರ್ಜಿ ಹಾಕಿದ್ಳು. ಕೂರಿಸಿಕೊಂಡು ಕೇಳಿದ್ರು, ಯಾವೂರು, ಊರಲ್ಲಿ ಮನೆ ಯಾವ ಕಡೆ ಅಂತ. ಹೇಳಿದ್ಳು. ಕೌಂಟರ್ ತುಂಬಿದೆ, ಮುಖ ಕಾಣದ ಕೆಲಸ ಒಂದಿದೆ, ಮಾಡ್ತೀಯಾ ಅಂದ್ರು. ಮಾರನೇ ವಾರ ಕೌಂಟರ್‌ಗೆ ಪಿಯುಸಿ ಫೇಲಾದ ಇಬ್ಬರು ಬಂದು ಕೂತ್ರು. ಅವರ ಮುಖ ಕಂಡರೆ ಪಾರ್ಕಿಗೆ ತೊಂದರೆ ಇರಲಿಲ್ಲ.

ವೇಷದ ಒಳಗಿರೋರೆಲ್ಲ ಕಲ್ಯಾಣಿಯಂಥೋರೇ. ನರಿಯೊಳಗಿದ್ದ ಪದ್ಮಶ್ರೀನೂ ಅದೇ ಕಾಲೋನಿಯವಳು. ಕರಡಿ ವೇಷ ಒಂದೇ, ಹೊತ್ತು ತಿರುಗೋರು ಮೂರು ಜನ. ಮೈ ಒಂಬತ್ತು ಕೆಜಿ, ತಲೆ ಎರಡೂವರೆ. ಒಬ್ಬರು ಬಿಚ್ಚಿದ ತಕ್ಷಣ ಇನ್ನೊಬ್ಬರು ಹಾಕ್ಕೋಬೇಕು. ಒಳಗಡೆ ಸ್ಪಂಜು ಅವರ ಬೆವರಲ್ಲಿ ತೊಯ್ದಿರ್ತದೆ, ಅದರ ಮೇಲೆ ನಿಮ್ಮ ಬೆವರು. ತೊಡೆಸಂದಿಯಲ್ಲಿ ಗುಳ್ಳೆ. ಕತ್ತಲ್ಲಿ ಬೆಲ್ಟಿನ ಗಾಯ. ಬೆಳಿಗ್ಗೆ ಏಳರ ಮೇಲೆ ಒಂದು ಗುಟುಕು ನೀರು ಕುಡಿಯಲ್ಲ, ಯಾಕಂದ್ರೆ ವೇಷ ಬಿಚ್ಚಿ ಬಾತ್‌ರೂಮಿಗೆ ಹೋಗಿಬರೋಕೆ ಇಪ್ಪತ್ತು ನಿಮಿಷ ಬೇಕು, ಆ ಇಪ್ಪತ್ತು ನಿಮಿಷ ಯಾರೂ ಕೊಡಲ್ಲ. ಮುಟ್ಟಾದ ದಿನಗಳಲ್ಲಿ ಎರಡೆರಡು ಪ್ಯಾಡ್ ಇಟ್ಕೊಂಡು ಹಲ್ಲು ಕಚ್ಚಿ ಕುಣೀಬೇಕು. ತಲೆಯೊಳಗಿನ ಪುಟ್ಟ ಫ್ಯಾನು ಯುಗಾದಿ ಹೊತ್ತಿಗೇ ಕೆಟ್ಟಿತ್ತು.

ಇನ್ನು ಬರೋ ಜನ. ಮಕ್ಕಳು ನೋವಾಗ್ತದಾ ಇಲ್ವಾ ಅಂತ ಪರೀಕ್ಷೆ ಮಾಡೋಕೆ ಮೊಣಕಾಲಿಗೆ ಒದೀತವೆ. ಅಪ್ಪಂದಿರು ನಗ್ತಾರೆ. ಕಾಲೇಜು ಹುಡುಗರು ಫೋಟೋ ನೆಪದಲ್ಲಿ ಹಿಂದಿನಿಂದ ಹಿಸುಕ್ತಾರೆ, ಒಳಗಿರೋದು ಗಂಡೋ ಹೆಣ್ಣೋ ಅಂತ ಪಂತ ಕಟ್ತಾರೆ. ಬಾಯಿ ಬಿಡೋ ಹಾಗಿಲ್ಲ. ಡ್ರೆಸ್ಸಿಂಗ್ ರೂಮಿನ ಬಾಗಿಲ ಮೇಲೆ ದೊಡ್ಡದಾಗಿ ಬರೆದಿದ್ರು: ಪಾತ್ರ ಮಾತಾಡಬಾರದು. ಪಾತ್ರ ತಲೆ ತೆಗೆಯಬಾರದು. ಪಾತ್ರಕ್ಕೆ ಕಥೆಯ ಹೆಸರು ಬಿಟ್ಟು ಬೇರೆ ಹೆಸರಿಲ್ಲ. ತಡೆಯೋಕೆ ಆಗದೇ ಇದ್ರೆ ಮಾಡೋದು ಒಂದೇ. ಕರಡಿ ಕೈ ಹಿಡಿದು ನಡೆಸೋ ಎಸ್ಕಾರ್ಟ್ ಒಬ್ಬ ಇರ್ತಾನೆ, ರೇವಂತ್ ಅಂತ. ಅವನ ತೋಳಿಗೆ ಎರಡು ಸಲ ತಟ್ಟಬೇಕು. ತಟ್ಟಿದ್ರೆ ಅವನು ಜಂಬಣ್ಣನಿಗೆ ನಿದ್ದೆ ಬಂತು ಮಕ್ಕಳೇ ಅಂತ ಹೇಳಿ ಒಳಗೆ ಕರ್ಕೊಂಡು ಹೋಗಬೇಕು. ಹೋಗಬೇಕು ಅಂತ ರೂಲು, ಅಷ್ಟೇ.

ಮೇ ತಿಂಗಳ ಒಂದು ಭಾನುವಾರ ಜಯನಗರದಿಂದ ಒಂದು ಕುಟುಂಬ ಬಂತು. ಎರಡು ದಿನದ ರೂಮು, ಹುಟ್ಟುಹಬ್ಬದ ಪ್ಯಾಕೇಜು. ಎಂಟು ವರ್ಷದ ವಿಶ್ರುತ್, ಅವನ ತಾಯಿ ಮೇಘಶ್ರೀ, ಅಜ್ಜಿ ಜಯದೇವಿ. ಕರಡಿ ಬಾಯಿಂದ ನೋಡ್ತಿದ್ದ ಕಲ್ಯಾಣಿಗೆ ಮೂವರ ಗುರುತೂ ಹತ್ತಿತು. ಅವಳ ಅವ್ವ ಅಂಕಮ್ಮ ಹನ್ನೊಂದು ವರ್ಷದಿಂದ ಆ ಮನೆಯ ನೆಲ ಒರೆಸ್ತಾಳೆ, ಪಾತ್ರೆ ತಿಕ್ತಾಳೆ. ಶಾಲೆಗೆ ರಜಾ ಇದ್ದಾಗ ಕಲ್ಯಾಣಿನೂ ಜೊತೇಲಿ ಹೋಗಿ ಹಿತ್ತಲ ಬಟ್ಟೆಕಲ್ಲಿನ ಮೇಲೆ ಕೂತಿದ್ದವಳು. ಅಂಕಮ್ಮನ ಕಾಫಿ ಲೋಟ ಇರೋದೂ ಆ ಬಟ್ಟೆಕಲ್ಲಿನ ಮೇಲೇ. ಜಯದೇವಿ ಮೇಲಿಂದ ಹುಯ್ತಾಳೆ, ಪಾತ್ರೆ ಲೋಟಕ್ಕೆ ತಗುಲದ ಹಾಗೆ, ಒಂದು ಹನಿ ಚೆಲ್ಲದ ಹಾಗೆ. ಹನ್ನೊಂದು ವರ್ಷದಲ್ಲಿ ಕೈ ಚೆನ್ನಾಗಿ ಪಳಗಿದೆ.

ಅಂಥ ಜಯದೇವಿ ಬಂದೋಳೇ ಕರಡಿಯನ್ನ ಗಟ್ಟಿಯಾಗಿ ತಬ್ಬಿಕೊಂಡ್ಳು. ಕೆನ್ನೆಗೆ ಕೆನ್ನೆ ಒತ್ತಿದ್ಳು. ಎಷ್ಟು ಮೆತ್ತಗಿದಾನೆ ನೋಡೋ ನಮ್ಮ ಜಂಬಣ್ಣ ಅಂತ ಮೊಮ್ಮಗನಿಗೆ ಹೇಳಿ ಕರಡಿ ಮೂತಿಗೊಂದು ಮುತ್ತು ಕೊಟ್ಳು. ಮಲ್ಲಿಗೆ ಹೂವಿನ ವಾಸನೆ ನೆಟ್ಟಿನ ಮೂಲಕ ಒಳಗೆ ಬಂತು. ಕಲ್ಯಾಣಿಗೆ ನಗುನೂ ಬಂತು, ಹೊಟ್ಟೇನೂ ಉರೀತು. ಇಷ್ಟು ವರ್ಷದಲ್ಲಿ ಆ ಹೆಂಗಸಿನ ಬೆರಳ ತುದಿ ಕೂಡ ಅವಳ ಮೈಗೆ ತಗುಲಿರಲಿಲ್ಲ. ಈಗ ಕೈಯೆರಡೂ ಬೆನ್ನ ಸುತ್ತ ಬಳಸಿಕೊಂಡಿದ್ವು.

ಪ್ಯಾಕೇಜಿನಲ್ಲಿ ಒಂದು ಆಟ ಇತ್ತು, ಜಂಬಣ್ಣನಿಗೆ ತುತ್ತು ಅಂತ. ಹುಟ್ಟುಹಬ್ಬದ ಮಗು ಕೇಕಿನ ಚೂರನ್ನ ಕರಡಿ ಗಲ್ಲದ ಕೆಳಗಿರೋ ತಟ್ಟೆಗೆ ಹಾಕಬೇಕು, ಕರಡಿ ಹೊಟ್ಟೆ ಸವರಿಕೊಂಡು ಕುಣೀಬೇಕು. ತಟ್ಟೆಗೆ ಮಾತ್ರ, ಬಾಯಿಗಲ್ಲ. ಮೇಘಶ್ರೀಗೆ ಅದು ವಿಡಿಯೋದಲ್ಲಿ ಚೆನ್ನಾಗಿ ಕಾಣಲಿಲ್ಲ. ಬಾಯೊಳಗೆ ಹಾಕು ಕಂದ, ಇನ್ನೂ ಒಳಗೆ, ಅಂತ ಹೇಳಿಕೊಡ್ತಾ ನಿಂತ್ಳು. ಮಗುವಿನ ಕೈಲಿ ಸ್ಟೀಲಿನ ಫೋರ್ಕು. ನೆಟ್ಟು ಎಡಗಡೆ ಬಿಟ್ಕೊಂಡು ತಿಂಗಳಾಗಿತ್ತು. ಕಲ್ಯಾಣಿ ಎರಡು ಸಲ ಬರೆದು ಕೊಟ್ಟಿದ್ಳು, ಎರಡು ಸಲವೂ ಕಪ್ಪು ಟೇಪು ಅಂಟಿಸಿ ಕಳಿಸಿದ್ರು. ಕಲ್ಯಾಣಿ ರೇವಂತನ ತೋಳಿಗೆ ಎರಡು ಸಲ ತಟ್ಟಿದ್ಳು. ಅವನ ಕೈಲಿ ಆ ಮನೆಯವರದೇ ಇನ್ನೊಂದು ಫೋನಿತ್ತು, ಇನ್ನೊಂದು ಕಡೆಯಿಂದ ವಿಡಿಯೋ ತೆಗೀತಿದ್ದ. ಇನ್ನೆರಡು ಸಲ ತಟ್ಟಿದ್ಳು. ಅವನು ತೋಳು ಕೊಡವಿಕೊಂಡ. ತಲೆ ಹಿಂದಕ್ಕೆಳೆದ್ಳು. ಹಿಂದಿನಿಂದ ಜಯದೇವಿ ಕರಡಿ ತಲೆಯನ್ನ ಎರಡೂ ಕೈಲಿ ಹಿಡಿದು ಮುಂದಕ್ಕೆ ತಳ್ಳಿದ್ಳು, ಮಗುವಿಗೆ ಎಟುಕಲಿ ಅಂತ.

ಫೋರ್ಕು ಟೇಪು ಹರ್ಕೊಂಡು ಬಂದು ಎಡಗಣ್ಣಿಗೆ ತಗುಲಿತು.

ಅವ್ವಾ ಅಂದ್ಳು ಕಲ್ಯಾಣಿ. ಹದಿನಾಲ್ಕು ತಿಂಗಳಲ್ಲಿ ಕರಡಿ ಆಡಿದ ಮೊದಲ ಮಾತು ಅದು. ತಲೆ ಕಿತ್ತು ನೆಲಕ್ಕೆ ಹಾಕಿದ್ಳು. ಮುಖದ ತುಂಬ ಕೇಕಿನ ಕೆನೆ, ಕಣ್ಣಿಂದ ನೀರು, ನೀರಿನ ಜೊತೆ ಒಂದೆಳೆ ರಕ್ತ. ಮಕ್ಕಳು ಕಿರುಚಿದ್ವು. ಕರಡಿ ಸತ್ತುಹೋಯ್ತು ಅಂತ ಒಂದು ಮಗು ಅಳೋಕೆ ಶುರು ಮಾಡ್ತು. ವಿಶ್ರುತ್ ಫೋರ್ಕು ಬಿಸಾಕಿ ಅಮ್ಮನ ಹಿಂದೆ ಅಡಗಿಕೊಂಡ. ಜಯದೇವಿ ಒಂದು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದ್ಳು. ಸೊಸೆ ಕಡೆ ತಿರುಗಿದ್ಳು.

"ಇದು ನಮ್ಮ ಅಂಕಮ್ಮನ ಮಗಳಲ್ವೇನೇ?"

ಕಲ್ಯಾಣಿ ಒಂದು ಕಣ್ಣು ಮುಚ್ಚಿಕೊಂಡು ಇನ್ನೊಂದರಲ್ಲಿ ಎಲ್ಲಾ ನೋಡಿದ್ಳು. ಕಣ್ಣಿಗೇನಾಯ್ತು ಅಂತ ಕೇಳ್ತಾಳೆ ಅಂದ್ಕೊಂಡ್ಳು. ಜಯದೇವಿ ಬ್ಯಾಗಿಗೆ ಕೈ ಹಾಕಿ ಸ್ಯಾನಿಟೈಸರ್ ತೆಗೆದ್ಳು. ಮೊದಲು ಮೊಮ್ಮಗನ ಕೈಗೆ ಹಾಕಿ ಉಜ್ಜಿದ್ಳು. ಆಮೇಲೆ ತನ್ನ ಕೈಗೆ. ಆಮೇಲೆ ಕರ್ಚೀಫ್ ಒದ್ದೆ ಮಾಡ್ಕೊಂಡು ಕೆನ್ನೆ ಒರೆಸಿಕೊಂಡ್ಳು, ತುಟಿ ಒರೆಸಿಕೊಂಡ್ಳು, ಇನ್ನೊಂದು ಸಲ ತುಟಿ ಒರೆಸಿಕೊಂಡ್ಳು. ಎಲ್ಲಾ ಮುಗಿಸಿ ರೇವಂತನ ಕಡೆ ತಿರುಗಿ ಮೆಲ್ಲಗೆ ಕೇಳಿದ್ಳು.

"ಒಳಗೆ ಯಾರಿದಾರೆ ಅಂತ ಮೊದಲೇ ಹೇಳಬಾರ್ದಾಗಿತ್ತೇನಪ್ಪ?"

ಕಣ್ಣಾಸ್ಪತ್ರೆಗೆ ಪದ್ಮಶ್ರೀನೇ ಕರ್ಕೊಂಡು ಹೋದ್ಳು, ನರಿ ಕಾಲು ಬಿಚ್ಚೋಕೂ ಪುರುಸೊತ್ತಿಲ್ಲದೆ, ಆಟೋದಲ್ಲಿ. ಕರಿಗುಡ್ಡೆ ಮೇಲೆ ಗೀರು ಬಿದ್ದಿದೆ, ಒಂದು ನೂಲಿನಷ್ಟು ಆಳಕ್ಕೆ ಹೋಗಿದ್ರೆ ಕಣ್ಣೇ ಹೋಗ್ತಿತ್ತು ಅಂದ್ರು ಡಾಕ್ಟರು. ಪಟ್ಟಿ ಕಟ್ಟಿ ಕಳಿಸಿದ್ರು.

ಮಂಗಳವಾರ ಮ್ಯಾನೇಜರ್ ಸೋಮಲಿಂಗಪ್ಪ ಕರೆಸಿದ. ಅವನ ಮುಂದೆ ಎರಡು ಖಾಲಿ ಕುರ್ಚಿ ಇದ್ವು. ಕೂರು ಅನ್ನಲಿಲ್ಲ. ಮೇಘಶ್ರೀ ಮೇಡಂ ಆನ್‌ಲೈನಲ್ಲಿ ಬರೆದದ್ದನ್ನ ಫೋನಲ್ಲಿ ಓದಿ ಹೇಳಿದ. ಮಗು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ, ಕರಡಿ ತಲೆ ಕಿತ್ತು ಹೆಂಗಸು ಬಂತು ಅಂತ ಕನವರಿಸ್ತಾನೆ, ಅವನ ಕನಸನ್ನ ನಿಮ್ಮ ಕೆಲಸದವಳು ಒಡೆದುಹಾಕಿದಾಳೆ. ಐದು ಸಾವಿರ ಜನ ಅದನ್ನ ಓದಿದ್ರಂತೆ. ಕಣ್ಣಿನ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಪಾರ್ಕಿನ ಮಾನ ಉಳೀಬೇಕು ಅಂತ ಅವನೇ ಒಂದು ದಾರಿ ಹುಡುಕಿದ್ದ. ಬರೋ ಭಾನುವಾರ ಅವರನ್ನ ಮತ್ತೆ ಕರೆಸ್ತಾರೆ. ಎಲ್ಲರ ಮುಂದೆ ಜಂಬಣ್ಣ ಕಿವಿ ಹಿಡ್ಕೊಂಡು ಹತ್ತು ಬಸ್ಕಿ ಹೊಡೆದು ವಿಶ್ರುತನ ಹತ್ರ ಸಾರಿ ಕೇಳ್ತಾನೆ. ಮಕ್ಕಳಿಗೆ ಮಜಾ, ಅವರಿಗೂ ಸಮಾಧಾನ. ತಲೆ ಮಾತ್ರ ತೆಗೆಯೋ ಹಾಗಿಲ್ಲ.

"ತಪ್ಪು ಮಾಡಿದ್ದು ಕರಡಿನಾ, ನಾನಾ?" ಅಂದ್ಳು ಕಲ್ಯಾಣಿ.

"ಎರಡೂ ಒಂದೇ ಅಲ್ವೇನಮ್ಮ."

"ಒಂದೇ ಆದ್ರೆ ಕಣ್ಣಿಗೆ ಚುಚ್ಚಿದ್ದಕ್ಕೆ ಕರಡಿಗೆ ಯಾರು ಸಾರಿ ಕೇಳ್ತಾರೆ ಸಾರ್?"

ಸೋಮಲಿಂಗಪ್ಪ ಫೋನು ಮಗುಚಿಟ್ಟ. ಕಣ್ಣು ವಾಸಿಯಾಗ್ತದೆ, ಕೆಲಸ ಹೋದ್ರೆ ವಾಸಿಯಾಗಲ್ಲ, ಮನೆಗೆ ಹೋಗಿ ಯೋಚನೆ ಮಾಡು ಅಂದ. ಯೋಚನೆ ಮಾಡೋಕೆ ಏನೂ ಇಲ್ಲ, ನಾನು ಹೊಡೆಯಲ್ಲ ಅಂದ್ಳು. ಹೇಳಿ ಹೊರಗೆ ಬಂದ್ಳು. ಸುಳ್ಳು ಯಾಕೆ ಹೇಳಬೇಕು, ಭಯ ಆಗಿತ್ತು. ಅಪ್ಪ ಚಿನ್ನಪ್ಪ ಸತ್ತು ಆರು ವರ್ಷ. ಮನೇಲಿ ದುಡಿಯೋ ಕೈ ನಾಲ್ಕು, ಇವಳವೆರಡು, ಅವ್ವನವೆರಡು.

ಮನೆಗೆ ಬಂದ್ರೆ ಅವ್ವ ಆಗಲೇ ಬಂದು ಕೂತಿದ್ಳು. ಹಿತ್ತಲ ಬಾಗಿಲಲ್ಲೇ ನಿಲ್ಲಿಸಿ ಹೇಳಿ ಕಳಿಸಿದ್ರಂತೆ, ನಿನ್ನ ಮಗಳು ಭಾನುವಾರ ಕ್ಷಮೆ ಕೇಳಿದ್ರೆ ಸೋಮವಾರ ಬಾ, ಇಲ್ಲದಿದ್ರೆ ಬರಬೇಡ. ಅಂಕಮ್ಮ ಮಗಳ ಕಣ್ಣಿನ ಪಟ್ಟಿ ಬದಲಾಯಿಸ್ತಾ ಬೇಡಿಕೊಂಡ್ಳು. ಒಂದು ಗಳಿಗೆ ಕೆಲಸ ಕಣೇ, ಮುಖ ಕಾಣಲ್ಲ, ನೀನು ಅಂತ ಯಾರಿಗೆ ಗೊತ್ತಾಗ್ತದೆ ಅಂದ್ಳು.

"ನಂಗೆ ಗೊತ್ತಿರ್ತದಲ್ಲವ್ವ."

"ನಮಗೆ ಗೊತ್ತಿರೋದು ಎಷ್ಟೋ ಇದಾವೆ. ನುಂಗ್ಕೊಂಡು ಬದುಕಿಲ್ವಾ?"

ಅದಕ್ಕೇ ಅವರು ನಿನ್ನ ಹನ್ನೊಂದು ವರ್ಷ ಹಿತ್ತಲಲ್ಲಿ ಇಟ್ಟಿರೋದು ಅಂದುಬಿಟ್ಳು ಕಲ್ಯಾಣಿ. ಅಂದಮೇಲೆ ನಾಲಿಗೆ ಕಚ್ಚಿಕೊಂಡ್ಳು. ಅಂಕಮ್ಮ ಕಣ್ಣಿಗೆ ಹನಿ ಹಾಕೋದನ್ನ ನಿಲ್ಲಿಸಲಿಲ್ಲ. ಹನಿ ಹಾಕಿ ಪಟ್ಟಿ ಕಟ್ಟಿದ ಮೇಲೆ, ಆ ವೇಷದೊಳಗೆ ಯಾರಿದ್ರೂ ಹೊರಗಿನವರಿಗೆ ಒಂದೇನಾ ಅಂತ ಕೇಳಿದ್ಳು. ಒಂದೇ, ಅವರ ಪಾಲಿಗೆ ನಾವೆಲ್ಲ ಒಂದೇ ಅಂತ ಕಲ್ಯಾಣಿ ಸಿಡುಕಿದ್ಳು. ಅವ್ವ ಯಾಕೆ ಕೇಳಿದ್ಳು ಅಂತ ಅವಳಿಗೆ ಹೊಳೀಲಿಲ್ಲ. ಸಿಟ್ಟಲ್ಲಿದ್ದೋಳಿಗೆ ಎಲ್ಲಿ ಹೊಳೀತದೆ?

ಭಾನುವಾರ ಬೆಳಿಗ್ಗೆ ಅಂಕಮ್ಮ ಬನಶಂಕರಿಲಿರೋ ತಂಗಿ ಮನೆಗೆ ಹೋಗಿ ಬರ್ತೀನಿ ಅಂತ ಹೊರಟ್ಳು. ಹನ್ನೊಂದು ಗಂಟೆಗೆ ಪದ್ಮಶ್ರೀ ಫೋನ್ ಮಾಡಿದ್ಳು. ಪಿಸುಮಾತಲ್ಲಿ ಮಾತಾಡಿದ್ಳು.

"ನಿಮ್ಮವ್ವ ಇಲ್ಲೇ ಅವ್ಳೆ ಕಣೇ. ಸೋಮಲಿಂಗಪ್ಪನೇ ನಿಂತು ಕರಡಿ ತಲೆ ಹಾಕಿಸ್ತವ್ನೆ. ಬೇಗ ಬಾ."

ಕಲ್ಯಾಣಿ ಚಪ್ಪಲಿ ಕೂಡ ಸರಿಯಾಗಿ ಮೆಟ್ಟಲಿಲ್ಲ. ಆಟೋದವನಿಗೆ ಎರಡು ಸಲ ದಾರಿ ತಪ್ಪಾಗಿ ಹೇಳಿದ್ಳು. ಹಿಂದಿನ ಗೇಟಲ್ಲಿ ಕಾವಲಿಗಿದ್ದ ದೇವರಾಜಣ್ಣ ಅವಳ ಕಣ್ಣಿನ ಪಟ್ಟಿ ನೋಡಿದ, ಐಡಿ ಕಾರ್ಡು ಕೇಳಲಿಲ್ಲ, ಗೇಟು ತೆಗೆದ.

ಅಂಗಳದ ತುಂಬ ಜನ. ಸುತ್ತ ಹಗ್ಗ ಕಟ್ಟಿದ್ರು. ಬಿಸಿಲು ನೆತ್ತಿ ಸುಡ್ತಿತ್ತು. ಹಗ್ಗದ ಒಳಗೆ ಶಾಮಿಯಾನದ ನೆರಳಲ್ಲಿ ಮೂರು ಕುರ್ಚಿ, ವಿಶ್ರುತ್ ನಡುವೆ, ಆ ಕಡೆ ಮೇಘಶ್ರೀ, ಈ ಕಡೆ ಜಯದೇವಿ. ಅವರೆದುರು ಬಿಸಿಲಲ್ಲಿ ಕರಡಿ. ರೇವಂತನ ಕೈಲಿ ಮೈಕು. ಜಂಬಣ್ಣ ಹೋದ ವಾರ ತುಂಬಾ ತುಂಟತನ ಮಾಡಿದಾನೆ, ಈಗ ಏನ್ ಮಾಡ್ತಾನೆ ಅಂತ ಕೇಳ್ತಿದ್ದ. ಬಸ್ಕಿ ಅಂತ ಮಕ್ಕಳು ಕೂಗಿದ್ವು. ಜೋರಾಗಿ ಎಣಿಸ್ಬೇಕು ಎಲ್ಲರೂ ಅಂದ.

ಕರಡಿ ಕಿವಿ ಇರೋದು ತಲೆ ಮೇಲೆ. ವೇಷದ ಕೈ ಅಲ್ಲಿಗೆ ಎಟುಕಲ್ಲ. ಕರಡಿ ಕೈಯೆತ್ತಿತು, ತಡಕಾಡಿತು, ಸಿಗಲಿಲ್ಲ, ಮತ್ತೆ ಎತ್ತಿತು. ಜನ ಬಿದ್ದು ಬಿದ್ದು ನಕ್ಕರು. ಜಯದೇವಿನೂ ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡು ನಕ್ಕಳು. ಕೊನೆಗೆ ಗಲ್ಲದ ಹತ್ರ ಕೈ ಕತ್ತರಿ ಹಾಕ್ಕೊಂಡು ಕರಡಿ ಕೂತಿತು, ಎದ್ದಿತು. ಒಂದು ಅಂತ ಕೂಗಿದ್ವು ಮಕ್ಕಳು.

ಆ ಏಳೋದರಲ್ಲೇ ಕಲ್ಯಾಣಿಗೆ ಅವ್ವ ಕಂಡ್ಳು. ಮೊದಲು ಎಡಗೈ ಊರೋದು, ಆಮೇಲೆ ಬಲಮೊಣಕಾಲು, ಆಮೇಲೆ ಸೊಂಟ. ಮೂವತ್ತು ವರ್ಷ ಬೇರೆಯವರ ನೆಲ ಒರೆಸಿದ ಮೊಣಕಾಲು. ಬಸ್ಸಿನ ಮೆಟ್ಟಿಲು ಹತ್ತೋಕೂ ಕಂಬಿ ಹಿಡ್ಕೋಬೇಕು ಅವಳು. ಎರಡು. ಮೂರು. ಕಲ್ಯಾಣಿ ಜನರನ್ನ ತಳ್ಳಿಕೊಂಡು ನುಗ್ಗಿದ್ಳು. ಯಾರೋ ಲೈನಲ್ಲಿ ಬನ್ರಿ ಅಂತ ಬೈದ್ರು. ನಾಲ್ಕು. ಒಬ್ಬಾತ ಮಗನನ್ನ ಹೆಗಲ ಮೇಲೆ ಕೂರಿಸಿಕೊಂಡು ದಾರಿಗೆ ಅಡ್ಡ ನಿಂತಿದ್ದ. ಐದು.

ಐದಕ್ಕೆ ಕೂತ ಕರಡಿ ಏಳಲಿಲ್ಲ. ಕೈ ಊರಿತು, ಜಾರಿತು, ಪಕ್ಕಕ್ಕೆ ವಾಲಿತು. ಇದೂ ಆಟ ಅಂತ ಜನ ಚಪ್ಪಾಳೆ ತಟ್ಟಿದ್ರು. ಕರಡಿ ಕೈ ನಿಧಾನವಾಗಿ ಎದ್ದು ರೇವಂತನ ಕಾಲಿಗೆ ತಟ್ಟಿತು. ಎರಡು ಸಲ. ಯಾರೋ ಹೇಳಿಕೊಟ್ಟಿದ್ರು ಅಂತ ಕಾಣ್ತದೆ. ರೇವಂತ ಬಗ್ಗಿ ಕರಡಿ ಕುತ್ತಿಗೆ ಹಿಂದಿನ ರೋಮಕ್ಕೆ ಕೈ ಹಾಕಿ ಎಳೆದ. ಸೋಮಾರಿ ಜಂಬಣ್ಣ, ಇನ್ನೂ ಐದಿದೆ ಅಂತ ಮೈಕಲ್ಲಿ ಹೇಳಿದ.

ಕಲ್ಯಾಣಿ ಹಗ್ಗದ ಕೆಳಗೆ ತೂರಿದ್ಳು. ರೇವಂತನ ಎದೆಗೆ ಕೈ ಕೊಟ್ಟು ತಳ್ಳಿದ್ಳು. ಅವನು ಮೈಕಿನ ಸಮೇತ ಹಿಂದಕ್ಕೆ ಬಿದ್ದ. ಕರಡಿ ಗಲ್ಲದ ಕೆಳಗೆ ಎರಡು ಕೊಂಡಿ ಇರ್ತವೆ, ಹದಿನಾಲ್ಕು ತಿಂಗಳು ಹಾಕಿ ಬಿಚ್ಚಿದ ಕೊಂಡಿ. ಎರಡನ್ನೂ ಕಿತ್ತು ತಲೆ ಎತ್ತಿದ್ಳು.

ಅಂಕಮ್ಮನ ಮುಖ ಬೆಂದಂತೆ ಕೆಂಪಾಗಿತ್ತು. ಕೂದಲು ಹಣೆಗೆ ಅಂಟಿತ್ತು. ಬಾಯಿ ತೆರೆದು ಗಾಳಿ ಎಳ್ಕೊಂಡ್ಳು. ಚಪ್ಪಾಳೆ ನಿಂತಿತು. ಬಿದ್ದ ಮೈಕನ್ನ ಯಾರೂ ಆಫ್ ಮಾಡಿರಲಿಲ್ಲ, ಅವಳ ಏದುಸಿರು ನಾಲ್ಕೂ ಸ್ಪೀಕರಲ್ಲಿ ಕೇಳಿಸ್ತಿತ್ತು.

ಜಯದೇವಿ ಕುರ್ಚಿಯಿಂದ ಅರ್ಧ ಎದ್ಳು. ಮೇಘಶ್ರೀ ಪೂರ್ತಿ ಎದ್ಳು.

"ನೀನ್ಯಾಕೆ ಬಂದೆ ಅಂಕಮ್ಮ? ನಿನ್ನ ಮಗಳು ಮಾಡ್ಲಿ ಅಂತ ತಾನೆ ನಾವು ಹೇಳಿದ್ದು?"

ಅಷ್ಟೇ ಮೇಘಶ್ರೀ ಕೇಳಿದ್ದು. ಒಂದು ಲೋಟ ನೀರು ಕೊಡ್ರೋ ಅನ್ನಲಿಲ್ಲ. ಸೋಮಲಿಂಗಪ್ಪ ಆ ತುದಿಯಿಂದ ಓಡಿ ಬರ್ತಿದ್ದ, ತಲೆ ಹಾಕು, ಮೊದಲು ತಲೆ ಹಾಕು ಅಂತ ಕೈ ಆಡಿಸ್ತಾ. ಮೂಲೇಲಿದ್ದ ನರಿ ತನ್ನ ತಲೆ ತೆಗೆದು ನೆಲಕ್ಕಿಟ್ಟು ಅದರ ಮೇಲೇ ಕೂತ್ಕೊಂಡ್ಳು. ಪದ್ಮಶ್ರೀನ ನೋಡಿ ಸೋಮಲಿಂಗಪ್ಪನಿಗೆ ಯಾವ ಕಡೆ ಓಡಬೇಕು ಅಂತ ತಿಳೀಲಿಲ್ಲ, ನಡುವೆ ನಿಂತ.

ಕಲ್ಯಾಣಿ ಅವ್ವನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ್ಳು. ಅವ್ವ ಬಯ್ತಾಳೆ ಅಂದ್ಕೊಂಡ್ಳು. ಮನೆ ಹಾಳು ಮಾಡ್ದಲ್ಲೇ ಅಂತಾಳೆ, ಇವರ ಕಾಲು ಹಿಡ್ಕೊಳ್ತಾಳೆ, ತಡೆಯೋಕೆ ನನ್ನ ಕೈಲಾಗಲ್ಲ ಅಂದ್ಕೊಂಡ್ಳು. ಬಾರವ್ವ ಹೋಗಣ ಅಂದ್ಳು. ಅಂಕಮ್ಮ ಬರಲಿಲ್ಲ. ಮಗಳ ಕೈ ಬಿಡಿಸಿಕೊಂಡ್ಳು. ಕರಡಿ ಕೈಯ ರೋಮದಲ್ಲೇ ಮುಖ ಒರೆಸಿಕೊಂಡು, ಕುಂಟ್ತಾ, ಮೂರು ಹೆಜ್ಜೆ ನಡೆದು ಜಯದೇವಿ ಎದುರಿಗೆ ಹೋಗಿ ನಿಂತ್ಳು. ಹನ್ನೊಂದು ವರ್ಷದಲ್ಲಿ ಅಷ್ಟು ಹತ್ತಿರ ಹೋಗಿರಲಿಲ್ಲ ಅವಳು. ಜಯದೇವಿ ಕುರ್ಚಿ ಸಮೇತ ಹಿಂದಕ್ಕೆ ಸರಿಯೋಕೆ ನೋಡಿದ್ಳು, ಹಿಂದೆ ಜಾಗ ಇರಲಿಲ್ಲ.

ಅಂಕಮ್ಮ ಕೂಗಲಿಲ್ಲ. ಮನೇಲಿ ಸೋಪು ಮುಗಿದಿದೆ ಅಂತ ಹೇಳೋ ದನೀಲಿ ಹೇಳಿದ್ಳು.

"ಐದು ನಾನು ಹೊಡೆದಿದೀನಿ ಅಮ್ಮೋರೇ. ನನ್ನ ಮಗಳ ತಲೆ ಹಿಡಿದು ತಳ್ಳಿದ್ದು ನೀವು. ಉಳಿದೈದು ನೀವು ಹೊಡೀರಿ."

ಜಯದೇವಿ ಸೊಸೆ ಮುಖ ನೋಡಿದ್ಳು, ಸೊಸೆ ಸೋಮಲಿಂಗಪ್ಪನ ಮುಖ ನೋಡಿದ್ಳು. ಎದ್ದು ಹೋಗೋಣ ಅಂತ ಜಯದೇವಿ ಕುರ್ಚಿಯ ಕೈ ಹಿಡಿದು ಮೇಲಕ್ಕೆದ್ಳು. ಎದುರಿಗಿದ್ದ ಅಂಕಮ್ಮ ಜಾಗ ಬಿಡಲಿಲ್ಲ, ಜಯದೇವಿ ಮತ್ತೆ ಕುಸಿದು ಕೂತ್ಳು.

ಹಗ್ಗದಾಚೆ ಅಪ್ಪನ ಹೆಗಲ ಮೇಲೆ ಕೂತಿದ್ದ ಮಗು ಆರು ಅಂತು.